ಕೊನೆಯ ಮನೆಯ ಲೈನು

ಹಾಡು ನಿಂತರೆ ಆತ ಯಂತ್ರದ ಹತ್ತಿರ ಹೋಗುತ್ತಿರಲಿಲ್ಲ. ಸೈಕಲ್ ಹತ್ತಿ ಕೊನೆಯ ಮನೆಗೆ ಬರುತ್ತಿದ್ದ. ಅಲ್ಲಿಂದ ಒಂದೊಂದೇ ಬಾಗಿಲಲ್ಲಿ ನಿಂತು "ಕೇಳಾಕತ್ತೈತೇನ್ರಿ?" ಎಂದು ವಿಚಾರಿಸುತ್ತ ಹಿಂದಕ್ಕೆ ನಡೆಯುತ್ತಿದ್ದ. ಒಂದು ಮನೆಯಲ್ಲಿ "ಹೂಂ, ಬರೋಬ್ಬರಿ ಐತಿ" ಅಂದರೆ, ಆ ಮನೆಗೂ ಅದಕ್ಕೆ ಮೊದಲು ಕೇಳಿದ ಮನೆಗೂ ನಡುವೆ ದೋಷ ಇದೆ ಎಂದು ಅರ್ಥ.

"ಹಾಡು ಎಲ್ಲೂ ಸಾಯಂಗಿಲ್ರಿ ಸಾಹೇಬ್ರ. ದಾರ್ಯಾಗ ಎಲ್ಲೋ ಕುಂತಿರತೈತಿ. ಹುಡುಕಿ ಎಬ್ಬಿಸಬೇಕು, ಅಷ್ಟ" ಅನ್ನುತ್ತಿದ್ದ.

ಕೊನೆಯ ಮನೆ ನಮ್ಮದು. ದೋಷ ಎಲ್ಲೇ ಇರಲಿ, ಆತ ಮೊದಲು ಕಾಣಿಸಿಕೊಳ್ಳುತ್ತಿದ್ದದ್ದು ನಮ್ಮ ಬಾಗಿಲಲ್ಲಿ.

ಆತ ತೀರಿಕೊಂಡು ಇಪ್ಪತ್ತು ದಿನವಾಯಿತು. ಲಿಂಗಸುಗೂರಿಗೆ ಹೋಗಿ ಆತನ ಮನೆಯವರನ್ನು ಮಾತಾಡಿಸಿ ಬಂದಿದ್ದೇನೆ. ಬಂದ ಮರುದಿನದಿಂದ ಮುಂಜಾನೆ ಏಳರಿಂದ ಎಂಟರವರೆಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಸಿಂಧನೂರಿನ ನಮ್ಮ ಓಣಿಯಲ್ಲಿ ಆತನ ಹೆಸರು ಹಿಡಿದು ಕರೆದವರೂ ಇಲ್ಲ. ಎಲ್ಲರಿಗೂ ಆತ ಡಬ್ಬಿಯವನು.

ಡಬ್ಬಿ ಅಂದರೆ ಏನು ಎಂದು ಈಗ ಹೇಳಬೇಕಾಗುತ್ತದೆ. ಎಂಬತ್ತರ ದಶಕದ ನಡುವಿನ ಮಾತು. ಆತನ ಮನೆಯ ಮುಂದಿನ ಖೋಲಿಯಲ್ಲಿ ಒಂದು ಟೇಪ್‌ರೆಕಾರ್ಡರ್, ಒಂದು ರೇಡಿಯೋ, ತಾನೇ ಕೂಡಿಸಿದ ಒಂದು ಆಂಪ್ಲಿಫೈಯರ್ ಮತ್ತು ಗೋಡೆ ತುಂಬ ಕ್ಯಾಸೆಟ್ಟುಗಳಿದ್ದವು. ಅಲ್ಲಿಂದ ಒಂದು ತಂತಿ ಹೊರಟು ಬೇವಿನ ಮರ, ಮಾಳಿಗೆಯ ಮೂಲೆ, ಬಿದಿರಿನ ಕಂಬ ಹಾದು ನಲವತ್ತು ಮನೆಗಳನ್ನು ಮುಟ್ಟುತ್ತಿತ್ತು. ಪ್ರತಿ ಮನೆಯಲ್ಲಿ ಒಂದು ಕಟ್ಟಿಗೆಯ ಡಬ್ಬಿ, ಅದರೊಳಗೆ ಸ್ಪೀಕರು, ಹೊರಗೆ ದನಿ ಏರಿಸಿ ಇಳಿಸಲು ಒಂದು ತಿರುಗಣೆ. ಮುಂಜಾನೆ ಐದೂವರೆಯಿಂದ ಎಂಟು, ಸಂಜೆ ಆರರಿಂದ ಎಂಟು. ಮುಂಜಾನೆ ವಚನ, ತತ್ವಪದ, ಭಜನೆ. ಸಂಜೆ ರೇಡಿಯೋ ವಾರ್ತೆ, ಆಮೇಲೆ ಸಿನಿಮಾ ಹಾಡು. ಆತ ಏನು ಹಾಕಿದರೆ ಅದನ್ನು ನಲವತ್ತು ಮನೆ ಕೇಳಬೇಕು.

ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬಂದ ಒಬ್ಬ ಬಂಗಾಲಿ ಹೆಂಗಸು ಆಗ ನಮ್ಮ ಓಣಿಯಲ್ಲಿ ಬಾಡಿಗೆಗಿದ್ದಳು. ಭಾನುವಾರ ಹತ್ತು ನಿಮಿಷ ಆಕೆಯ ಭಾಷೆಯ ಹಾಡು ಹಾಕುತ್ತಿದ್ದ. ಓಣಿಯ ಮಂದಿ "ಒಬ್ಬಾಕಿ ಸಲುವಾಗಿ ನಾವೆಲ್ಲಾ ಯಾಕ ಕೇಳಬೇಕೋ?" ಅಂದರೆ, "ಆಕಿ ಮನಿನೂ ಲೈನ್ ಮ್ಯಾಲೆ ಐತಲ್ರಿ" ಅನ್ನುತ್ತಿದ್ದ. ಅದಕ್ಕಿಂತ ಹೆಚ್ಚು ವಾದ ಮಾಡುತ್ತಿರಲಿಲ್ಲ.

ನಾನು ನೀರಾವರಿ ಇಲಾಖೆಯಲ್ಲಿ ಕಾಲುವೆಯ ಗೇಜು ಬರೆಯುವ ಕೆಲಸದಲ್ಲಿದ್ದೆ. ಮುಂಜಾನೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಕಾಲುವೆಯಲ್ಲಿ ನೀರು ಎಷ್ಟು ಎತ್ತರ ಇದೆ ಎಂದು ನೋಡಿ, ಪುಸ್ತಕದಲ್ಲಿ ಬರೆದು, ಮೇಲಿನ ಕಚೇರಿಗೆ ಫೋನಿನಲ್ಲಿ ತಿಳಿಸಬೇಕು. ಮೂವತ್ತೊಂದು ವರ್ಷ ಆ ಕೆಲಸ ಮಾಡಿದೆ. ಆರು ಗಂಟೆ ಎಂದರೆ ಆರು ಗಂಟೆ. ಆತ ಮೊದಲ ಸಲ ನನ್ನ ಬಳಿ ಬಂದದ್ದು ತಂತಿಯನ್ನು ನಮ್ಮ ಮಾಳಿಗೆಯ ಮೇಲೆ ಹಾಯಿಸಲು ಒಪ್ಪಿಗೆ ಕೇಳಲು. ಅರ್ಜಿ ಬರೆದುಕೊಡು ಎಂದೆ. ಆತ ನಗಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಒಂದು ಸಾಲು ಬರೆದು ಕೊಟ್ಟ: "ಹಾಡು ನಿಮ್ಮ ಮಾಳಗಿ ಮ್ಯಾಲಿಂದ ಹೋಗಾಕ ಅಪ್ಪಣೆ ಕೊಡಬೇಕು." ಮಂಜೂರು ಎಂದು ಬರೆದು ಸಹಿ ಹಾಕಿದೆ. ಆಮೇಲೆ ಬಹಳ ದಿನ ಆತ ಅದನ್ನು ಕಂಡಕಂಡವರಿಗೆಲ್ಲ ತೋರಿಸಿದನಂತೆ.

ಪಾಮನಕಲ್ಲೂರಿನ ಕಡೆಯವನು. ಸಣಕಲು ಮೈ, ಉದ್ದ ಕೈ. ಕೇಳುವಾಗ ಒಂದು ಕಣ್ಣು ಮುಚ್ಚಿ ಬಾಯಿ ತುಸು ತೆರೆಯುತ್ತಿದ್ದ. ತಂತಿಯಲ್ಲಿ ಹಾಡು ಇದೆಯೋ ಇಲ್ಲವೋ ನೋಡಲು ಮೀಟರಿನ ಬದಲು ತಂತಿಯ ತುದಿಯನ್ನು ನಾಲಿಗೆಗೆ ಮುಟ್ಟಿಸುತ್ತಿದ್ದ. ನಮ್ಮ ಮನೆಯಲ್ಲಿದ್ದ ಚಿಗವ್ವ ಅದನ್ನು ಕಂಡಾಗಲೆಲ್ಲ ಕೂಗುತ್ತಿದ್ದಳು.

"ಲೇ, ಸಾಯ್ತಿ ಲೇ! ಏನ್ ಬೆಲ್ಲ ಹಚ್ಯಾರೇನೋ ಅದಕ್ಕ?"

"ಜರಾ ಹುಳಿ ಐತ್ರಿ ಚಿಗವ್ವ. ಭಜನಿ ಹುಳಿ, ಸಿನಿಮಾ ಖಾರ."

ಈ ಚಿಗವ್ವ ನನ್ನ ಹೆಂಡತಿಯ ತಾಯಿಯ ತಂಗಿ. ಹೆಂಡತಿ ಹಾಸಿಗೆ ಹಿಡಿದ ಮೇಲೆ ಮಸ್ಕಿಯಿಂದ ಬಂದು ನಮ್ಮಲ್ಲೇ ನಿಂತಳು. ನನ್ನ ಹೆಂಡತಿಗೆ ಬೆನ್ನೆಲುಬಿನ ಕ್ಷಯ ಆಗಿತ್ತು. ಹಲಗೆಯ ಮಂಚದ ಮೇಲೆ ಅಂಗಾತ ಮಲಗಿರಬೇಕು, ಏಳಬಾರದು. ಮಕ್ಕಳಿರಲಿಲ್ಲ. ಚಿಗವ್ವ ಅಡುಗೆ, ನೀರು, ಬಟ್ಟೆ ಎಂದು ಹಿತ್ತಲಲ್ಲೇ ಇರುತ್ತಿದ್ದಳು. ನಾನು ಗೇಜಿನ ಬಳಿ ಇಲ್ಲವೇ ಕಚೇರಿಯಲ್ಲಿ. ನನ್ನ ಹೆಂಡತಿ ಮಾಡಿನ ಜಂತಿ ನೋಡುತ್ತ ಮಲಗಿರುತ್ತಿದ್ದಳು. ಆಕೆ ಮಸ್ಕಿಯಲ್ಲಿ ಭಜನೆಯ ಮನೆಯಲ್ಲಿ ಬೆಳೆದವಳು. ತತ್ವಪದಗಳು ನೂರಾರು ಬಾಯಿಗೆ ಬರುತ್ತಿದ್ದವು. ಹಾಡು ಶುರುವಾದರೆ ಆಕೆಯ ತುಟಿ ಅಲ್ಲಾಡುತ್ತಿತ್ತು. ಆ ದಿನಗಳಲ್ಲಿ ಆಕೆಗೆ ಇದ್ದದ್ದು ಅದೊಂದೇ. ಆಕೆಗೆ ಹಾಡು ಕೇಳಿಸುತ್ತಿದೆ ಎಂದರೆ ನಾನು ಕೆಲಸದ ಕಡೆ ಲಕ್ಷ್ಯ ಕೊಡಬಹುದಿತ್ತು. ಕೇಳಿಸುತ್ತಿಲ್ಲ ಎಂದರೆ ಗೇಜಿನ ಬಳಿ ನಿಂತಾಗಲೂ ಆ ಜಂತಿಯೇ ಕಣ್ಣ ಮುಂದೆ ಬರುತ್ತಿತ್ತು.

ಆತನಿಗೆ ಇದು ತಿಳಿದಿತ್ತು. ಒಂದು ತಿಂಗಳು ನಮ್ಮ ಡಬ್ಬಿಯ ದನಿ ಸಣ್ಣಗಾಯಿತು. ಆತ ಹಿಂದಕ್ಕೆ ನಡೆಯುತ್ತ ನಡೆಯುತ್ತ ಒಬ್ಬ ಕಿರಾಣಿ ಅಂಗಡಿಯವರ ಮನೆಗೆ ಮುಟ್ಟಿದ. ಅವರದು ಲೈನಿನ ಮೊದಲಿನ ಮನೆಗಳಲ್ಲಿ ಒಂದು. ನಾನೂ ಜೊತೆಗಿದ್ದೆ.

"ಅವ್ವಾರ, ನಾ ಕೊಟ್ಟಿದ್ದು ಒಂದ ಡಬ್ಬಿ. ತಂತಿ ಮೂರು ಕಡೆ ಹೊಂಟಾವಲ್ರಿ?"

ಅಂಗಡಿಯವರ ತಾಯಿ ಹಿಂಜರಿಯಲಿಲ್ಲ. "ಒಂದು ದೇವರ ಮನ್ಯಾಗ, ಒಂದು ಅಡಗಿ ಮನ್ಯಾಗ."

"ಮೂರನೇದು?"

"ಎಮ್ಮಿಗಪಾ. ಹಾಡು ಕೇಳಿದ್ರ ಒದಿಯಂಗಿಲ್ಲ ಅದು."

"ಎಮ್ಮಿ ಕೇಳೋದು ಬ್ಯಾಡ ಅನ್ನಂಗಿಲ್ರಿ ನಾ. ಆದ್ರ ಕೊನೀ ಮನ್ಯಾಗ ಒಬ್ಬಾಕಿ ಮಲಗಿದಲ್ಲೇ ಮಲಗ್ಯಾಳ. ಆಕಿ ಪಾಲು ನಿಮ್ಮ ಎಮ್ಮಿ ತಿನ್ನಾಕತ್ತೈತಿ."

ಮುದುಕಿ ತಾನೇ ಹೋಗಿ ಎರಡೂ ತಂತಿ ಕಿತ್ತು ತಂದು ಆತನ ಕೈಗೆ ಹಾಕಿದಳು. "ಮೊದಲ ಹೇಳಬಾರದೇನೋ ಮೂಳಾ. ನಮಗೇನ ಗೊತ್ತು?"

ದಾರಿಯಲ್ಲಿ ಆತ ಹೇಳಿದ: "ನಿಮ್ಮ ಕಾಲುವಿ ಇದ್ದಂಗ ಐತ್ರಿ ಸಾಹೇಬ್ರ. ಮ್ಯಾಲಿನವರು ತೂಬು ಒಡಕೊಂಡ್ರ ಕೊನೀ ಹೊಲಕ್ಕ ಬರೇ ಹಸಿ." ಕಾಲುವೆಯಲ್ಲಿ ಮೂವತ್ತೊಂದು ವರ್ಷ ನಾನು ಅದನ್ನೇ ಬರೆದೆ. ಒಂದು ತೂಬನ್ನೂ ಮುಚ್ಚಿಸಲು ಆಗಲಿಲ್ಲ.

ಆತನ ಲೈನಿಗೆ ಒಂದೇ ತಂತಿ. ಹಾಡು ತಂತಿಯಲ್ಲಿ ಬಂದು ನೆಲದಲ್ಲಿ ತಿರುಗಿ ಹೋಗುತ್ತದೆ ಎನ್ನುತ್ತಿದ್ದ. ಅದಕ್ಕಾಗಿ ಪ್ರತಿ ಮನೆಯ ಹೊರಗೆ ಒಂದು ಕಬ್ಬಿಣದ ಸರಳನ್ನು ನೆಲಕ್ಕೆ ಹೊಡೆದಿದ್ದ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ನೆಲ ಒಣಗಿ, ಕೈ ಹೋಗುವಷ್ಟು ಬಿರುಕು ಬಿಟ್ಟು, ಸರಳು ಅಲ್ಲಾಡತೊಡಗುತ್ತದೆ. ಆಗ ಹಾಡು ತುಂಡು ತುಂಡಾಗಿ ಬರುತ್ತದೆ. ದಿನಾ ಒಂದು ಕೊಡ ನೀರು ಹಾಕಿ ಎಂದು ಹೇಳಿದ್ದ. ನಾನು ಮುಂಜಾನೆ ಐದಕ್ಕೆ ಎದ್ದು ಹಾಕುತ್ತಿದ್ದೆ. ಒಮ್ಮೆ ಇಲಾಖೆಯ ಕೆಲಸದ ಮೇಲೆ ಮಸ್ಕಿಯಲ್ಲಿ ಎಂಟು ದಿನ ಇರಬೇಕಾಯಿತು. ನೀರು ಹಾಕುವ ಕೆಲಸವನ್ನು ಚಿಗವ್ವನಿಗೆ ವಹಿಸಿ ಚೀಟಿ ಬರೆದಿಟ್ಟು ಹೋದೆ. ಆಕೆಗೆ ಓದಲು ಬರುತ್ತಿರಲಿಲ್ಲ. ಕುಡಿಯುವ ನೀರನ್ನು ಕಬ್ಬಿಣಕ್ಕೆ ಸುರಿಯುವುದೂ ಆಕೆಗೆ ಸರಿ ಕಾಣಲಿಲ್ಲ. ಪಾತ್ರೆ ತೊಳೆದ ಬೂದಿ ನೀರು, ಉಪ್ಪಿನಕಾಯಿಯ ಭರಣಿ ತೊಳೆದ ನೀರು ಹಾಕಿದಳು. ತಿರುಗಿ ಬಂದಾಗ ನಮ್ಮ ಡಬ್ಬಿ ಎಂದೂ ಇಲ್ಲದಷ್ಟು ಸ್ವಚ್ಛವಾಗಿ ಹಾಡುತ್ತಿತ್ತು. ಆತ ಬಿದ್ದು ಬಿದ್ದು ನಕ್ಕ. "ಉಪ್ಪ ಬೇಕಾಗಿತ್ರಿ ನೆಲಕ್ಕ! ಚಿಗವ್ವಗ ಗೊತ್ತಿದ್ದದ್ದು ನನಗ ಗೊತ್ತಿರಲಿಲ್ಲ." ಅಂದಿನಿಂದ ನಲವತ್ತು ಮನೆಗೂ ಉಪ್ಪು ಹಾಕಿದ ಬೂದಿ ನೀರು.

ಈಗ ಸೂಜಿಯ ವಿಷಯ.

ಡಾಕ್ಟರು ತೊಂಬತ್ತು ದಿನ ದಿನಕ್ಕೊಂದು ಸೂಜಿ ಬರೆದುಕೊಟ್ಟರು. ಒಂದೂ ತಪ್ಪಬಾರದು ಎಂದರು. ತಪ್ಪಿಸಲಿಲ್ಲ. ಆರಕ್ಕೆ ಗೇಜು ಬರೆದು, ದವಾಖಾನೆಗೆ ಹೋಗಿ, ಕಂಪೌಂಡರನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಏಳಕ್ಕೆ ಮನೆಗೆ ಕರೆತರುತ್ತಿದ್ದೆ. ಕಂಪೌಂಡರಿಗೆ ಜ್ವರ ಬಂದ ದಿನವೂ ಕರೆತಂದೆ. ಡಾಕ್ಟರು ಹೇಳಿದ ಪಥ್ಯ, ಎಚ್ಚರಿಕೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಹನ್ನೊಂದು ಅಂಶಗಳಿದ್ದವು. ಒಂಬತ್ತನೆಯದು: ಕಿವಿಯಲ್ಲಿ ಶಬ್ದ ಬಂದರೆ ತಕ್ಷಣ ತಿಳಿಸುವುದು.

ಇನ್ನೊಂದು ನೋಟ್‌ಬುಕ್ಕು ಡಬ್ಬಿಯದು. ಯಾವ ದಿನ, ಎಷ್ಟು ಹೊತ್ತಿಗೆ, ಏನು ದೋಷ, ಆತ ಯಾವಾಗ ಬಂದ, ಏನು ಮಾಡಿದ ಎಂದು ಅದರಲ್ಲಿ ಬರೆಯುತ್ತಿದ್ದೆ. ಎರಡೂ ಒಂದೇ ಗೂಡಿನಲ್ಲಿ ಒಂದರ ಮೇಲೊಂದು ಇರುತ್ತಿದ್ದವು.

ಮೂವತ್ತು ಸೂಜಿ ದಾಟಿದ ಮೇಲೆ ಒಂದು ಮುಂಜಾನೆ ಹೆಂಡತಿ ಹೇಳಿದಳು: "ಡಬ್ಬ್ಯಾಗ ಒಂದು ನಮೂನಿ ಗುಂಯ್ ಅನ್ನಾಕತ್ತೈತ್ರಿ." ನಾನು ಕಿವಿಗೊಟ್ಟೆ. ನನಗೆ ಕೇಳಲಿಲ್ಲ. ಮಲಗಿರುವವರಿಗೆ ಸೂಕ್ಷ್ಮ ಹೆಚ್ಚು ಎಂದುಕೊಂಡು ಡಬ್ಬಿಯ ನೋಟ್‌ಬುಕ್ಕಿನಲ್ಲಿ ಬರೆದೆ: ಗುಂಯ್ ಶಬ್ದ. ಆತನಿಗೆ ಹೇಳಿ ಕಳಿಸಿದೆ.

ಆತ ಬಂದ. ಸರಳು ನೋಡಿದ, ತಂತಿಯ ಗಂಟುಗಳನ್ನು ಕೆರೆದು ಬಿಗಿದ. ನಾಲ್ಕು ದಿನಕ್ಕೆ ಆಕೆ ಮತ್ತೆ ಅದೇ ಮಾತು ಹೇಳಿದಳು. ಡಬ್ಬಿ ಬದಲಿಸಿದ. ಮತ್ತೂ ಅದೇ. ಮೂರನೆಯ ಸಲ ಬಂದಾಗ ನಾನು ಮನೆಯಲ್ಲಿದ್ದೆ. ಆತ ಡಬ್ಬಿಯ ಹಿಂದಿನ ತಂತಿಯನ್ನು ಪೂರ್ತಿ ಕಿತ್ತು ಕೈಯಲ್ಲಿ ಹಿಡಿದ.

"ಅಕ್ಕಾ, ಈಗ?"

"ಈಗೂ ಐತಪಾ ತಮ್ಮಾ. ಕೀಟ ಹೊಕ್ಕಂಗ ಗುಂಯ್ ಅನ್ನಾಕತ್ತೈತಿ."

ಆತ ಕೈಯಲ್ಲಿದ್ದ ತಂತಿಯನ್ನು ನೋಡಿದ. ಆಮೇಲೆ ಮಂಚದ ಪಕ್ಕದ ಮೇಜನ್ನು ನೋಡಿದ. ಅಲ್ಲಿ ಸೂಜಿಯ ಖಾಲಿ ಸೀಸೆಗಳನ್ನು ನಾನು ಸಾಲಾಗಿ ಇಟ್ಟಿದ್ದೆ. ದಿನ ತಪ್ಪಿಲ್ಲ ಎಂದು ನೋಡಿಕೊಳ್ಳಲು. ಆತ ಏನೋ ಹೇಳುವವನಿದ್ದ. ನಾನೇ ಮೊದಲು ಮಾತಾಡಿದೆ.

"ಓಣ್ಯಾಗ ಹೊಸಾ ಕರೆಂಟ್ ಕಂಬ ನಿಲ್ಲಿಸ್ಯಾರಲ್ಲ. ಅದರದ್ದು ಡಬ್ಬಿಯೊಳಗಿನ ಅಯಸ್ಕಾಂತಕ್ಕ ಹಿಡಿಯಾಕತ್ತಿರಬೇಕು."

ಆತ ನನ್ನ ಮುಖ ನೋಡಿದ. "ಇರಬೇಕ್ರಿ ಸಾಹೇಬ್ರ" ಅಂದ.

ನೋಟ್‌ಬುಕ್ಕಿನಲ್ಲಿ ಬರೆದೆ. ಕಾರಣ: ಕರೆಂಟ್ ಕಂಬ. ಬರೆದು ಗೇಜಿಗೆ ಹೋದೆ. ಆತ ಇನ್ನೂ ಸ್ವಲ್ಪ ಹೊತ್ತು ನಮ್ಮ ಮನೆಯಲ್ಲಿದ್ದನಂತೆ.

ಅಲ್ಲಿಂದ ಮುಂದೆ ಗುಂಯ್ ಹೋಗಿ ‘ದನಿ ಸಣ್ಣದು’ ಎಂಬ ದೋಷ ಬಂತು. ನಾನು ತಿರುಗಣೆ ಪೂರ್ತಿ ಏರಿಸಿದರೂ ಆಕೆ ತಲೆ ಅಲ್ಲಾಡಿಸುತ್ತಿದ್ದಳು. ನನಗೆ ಕಿವಿ ಗಡಚಿಕ್ಕುವಂತೆ ಕೇಳುತ್ತಿತ್ತು. ಆದರೂ ನಾನು ಬರೆದದ್ದು ಆಕೆ ಹೇಳಿದ್ದನ್ನೇ. ದೂರು ಕೊಟ್ಟವರ ಮಾತನ್ನು ತಿದ್ದದೆ ಬರೆಯಬೇಕು ಎಂಬುದು ಇಲಾಖೆಯಲ್ಲಿ ಕಲಿತದ್ದು. ಒಂದೇ ತಿಂಗಳಲ್ಲಿ ಆರು ದೂರು. ಆರನೆಯದಕ್ಕೆ ನಾನು ನೋಟ್‌ಬುಕ್ಕು ಹಿಡಿದು ಆತನ ಮನೆಗೇ ಹೋದೆ. ರೇಡಿಯೋ ರಿಪೇರಿಗೆ ಬಂದ ನಾಲ್ಕು ಮಂದಿ ಕುಳಿತಿದ್ದರು.

"ಮೂವತ್ತೊಂಬತ್ತು ಮನಿಗೆ ಒಂದು ನ್ಯಾಯ, ನನ್ನ ಮನಿಗೆ ಒಂದು ನ್ಯಾಯ ಏನು? ಆಕಿಗೆ ಇರೋದ ಅದೊಂದು. ಅದನ್ನೂ ಸರಿಯಾಗಿ ಮುಟ್ಟಿಸಾಕ ಆಗಂಗಿಲ್ಲಂದ್ರ ತಂತಿ ಯಾಕ ಕಟ್ಟಿದಿ? ನಿನ್ನ ಕೆಲಸದಾಗ ಶಿಸ್ತಿಲ್ಲ, ನಿಗಾ ಇಲ್ಲ."

ಆತ ತಂತಿಯನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತುತ್ತಿದ್ದ. ಸುತ್ತುವುದನ್ನು ನಿಲ್ಲಿಸಲಿಲ್ಲ.

"ತಪ್ಪಾಗೈತ್ರಿ ಸಾಹೇಬ್ರ."

"ತಪ್ಪಾಗೈತಿ ಅಂದ್ರ ಮುಗೀತೇನು?"

"ಇಲ್ರಿ. ಈ ವಾರದಾಗ ಏನರೆ ಮಾಡ್ತೀನಿ."

ಆ ವಾರ ಆತ ಒಂದು ದೊಡ್ಡ ಡಬ್ಬಿ ತಂದ. ಮುಂದಿನ ಹಲಗೆ ತೆಳ್ಳಗಿತ್ತು. ಅದನ್ನು ಗೂಡಿನಲ್ಲಿ ಇಡದೆ ಮಂಚದ ಮೇಲೆ, ಆಕೆಯ ಬಲಗೈ ಪಕ್ಕದಲ್ಲಿಟ್ಟು ಹಗ್ಗದಿಂದ ಬಿಗಿದ. "ಅಕ್ಕಾ, ಕೈ ಇಟ್ಟು ನೋಡ್ರಿ" ಅಂದ. ಆಕೆ ಅಂಗೈಯನ್ನು ಹಲಗೆಯ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ತುಟಿ ಅಲ್ಲಾಡಿತು. ನಾನು ಬರೆದೆ: ದೋಷ ನಿವಾರಣೆಯಾಗಿದೆ. ಆಮೇಲೆ ಒಂದು ದೂರೂ ಬರಲಿಲ್ಲ.

ಒಂದು ಬದಲಾವಣೆ ಮಾತ್ರ ಓಣಿಯವರೆಲ್ಲ ಗಮನಿಸಿದರು. ಮುಂಜಾನೆಯ ವಚನಗಳು ಕಡಿಮೆಯಾದವು. ಡಗ್ಗಾದ ಬಡಿತ ಜೋರಾಗಿರುವ ಭಜನೆಗಳು, ದಪ್ಪಿನ ಹಾಡುಗಳು ಬರತೊಡಗಿದವು. ಕಿರಾಣಿ ಅಂಗಡಿಯವರು ಆತನನ್ನು ದಾರಿಯಲ್ಲಿ ತಡೆದು ಕೇಳಿದರು.

"ಏನಪಾ, ಮುಂಜಾನೆದ್ದು ಬಡಿಯಾಕ ನಿಂತೀದಿ? ಯಾರ್ ಸತ್ತಾರ?"

"ಯಾರೂ ಸತ್ತಿಲ್ರಿ. ಏಳಲಿ ಅಂತ ಬಡಿಯಾಕತ್ತೀನಿ."

ನಾನೂ ಅಲ್ಲೇ ಇದ್ದೆ. ನಕ್ಕೆ.

ತೊಂಬತ್ತು ಸೂಜಿ ಮುಗಿದು ಹತ್ತು ದಿನವಾಗಿತ್ತು. ಹೆಂಡತಿಗೆ ಮಗ್ಗುಲಾಗಲು ಬರುತ್ತಿತ್ತು. ಒಂದು ಮುಂಜಾನೆ ಗೋಡೆಯ ಕಡೆ ಮುಖ ಮಾಡಿ, ಕೈಯನ್ನು ಡಬ್ಬಿಯ ಮೇಲಿಟ್ಟು ಮಲಗಿದ್ದಳು. ನಾನು ಹಿಂದಿನಿಂದ ನೀರಿನ ತಂಬಿಗೆ ತರುತ್ತಿದ್ದೆ. ಅದು ಕೈ ಜಾರಿ ನೆಲದ ಬಂಡೆಯ ಮೇಲೆ ಬಿತ್ತು. ಹಿತ್ತಲಿನಿಂದ ಚಿಗವ್ವ "ಏನ್ ಬಿತ್ತೋ?" ಎಂದು ಕೂಗಿದಳು. ಹೆಂಡತಿ ಅಲುಗಾಡಲಿಲ್ಲ. ನಾನು ತಂಬಿಗೆ ಎತ್ತಿಕೊಂಡೆ. ಮತ್ತೆ ಎದೆಯೆತ್ತರಕ್ಕೆ ಎತ್ತಿ ಬಿಟ್ಟೆ. ಆಕೆ ಅಲುಗಾಡಲಿಲ್ಲ. ಹೆಸರು ಹಿಡಿದು ಕರೆದೆ. ಬೆರಳುಗಳು ಡಗ್ಗಾದ ತಾಳಕ್ಕೆ ಸರಿಯಾಗಿ ಹಲಗೆಯ ಮೇಲೆ ಬಡಿಯುತ್ತಿದ್ದವು.

ಹಾಸಿಗೆ ಹಿಡಿದಂದಿನಿಂದ ನಾನೂ ಚಿಗವ್ವನೂ ಆಕೆಯ ಮುಖದ ಮೇಲೆ ಬಾಗಿ ಮಾತಾಡುತ್ತಿದ್ದೆವು. ಆಕೆ ನಮ್ಮ ತುಟಿ ನೋಡಿ ಉತ್ತರ ಕೊಡುತ್ತಿದ್ದಳು. ಅದಕ್ಕೇ ಗೊತ್ತಾಗಿರಲಿಲ್ಲ.

ಗೂಡಿನಿಂದ ಎರಡೂ ನೋಟ್‌ಬುಕ್ಕು ತೆಗೆದೆ. ಒಂದರಲ್ಲಿ ಒಂಬತ್ತನೆಯ ಅಂಶ. ಇನ್ನೊಂದರಲ್ಲಿ ಗುಂಯ್ ಶಬ್ದ ಶುರುವಾದ ದಿನ ಮತ್ತು ಹೊತ್ತು, ನನ್ನದೇ ಅಕ್ಷರದಲ್ಲಿ. ಎರಡನ್ನೂ ಡಾಕ್ಟರರ ಬಳಿ ತೆಗೆದುಕೊಂಡು ಹೋದೆ. ಅವರು ಓದಿ, ಆಗಲೇ ತಿಳಿಸಿದ್ದರೆ ಔಷಧಿ ಬದಲಿಸಿ ನೋಡಬಹುದಿತ್ತು, ಈಗ ಹೋದದ್ದು ಬರುವುದಿಲ್ಲ ಎಂದರು. ಸರಿ ಎಂದು ಬಂದೆ. ಸಂಜೆ ಆರಕ್ಕೆ ಗೇಜು ಬರೆದೆ. ಆ ದಿನದ ಅಂಕಿ ಸರಿಯಾಗಿಯೇ ಇದೆ, ಆಮೇಲೆ ನೋಡಿದ್ದೇನೆ.

ಹೆಂಡತಿಗೆ ಹೇಳಲಿಲ್ಲ. ಆಕೆ ನನ್ನಿಂದ ಮುಚ್ಚಿಟ್ಟಿದ್ದಾಳೆ ಎಂದರೆ ಮುಚ್ಚಿಡುವುದು ಆಕೆಗೆ ಬೇಕಿದೆ. ನಾನು ಒಂದೇ ಕೆಲಸ ಮಾಡಿದೆ. ಆಕೆಯ ಬಳಿ ಹೋಗುವಾಗ ನನ್ನ ನೆರಳು ಮೊದಲು ಮಂಚದ ಮೇಲೆ ಬೀಳುವಂತೆ ಕಿಟಕಿಯ ಕಡೆಯಿಂದ ಹೋಗುವುದನ್ನು ರೂಢಿ ಮಾಡಿಕೊಂಡೆ. ಬೆಚ್ಚಿ ಬೀಳಬಾರದಲ್ಲ.

ಡಬ್ಬಿಯವನಿಗೂ ಹೇಳಲಿಲ್ಲ. ತೆಳ್ಳನೆಯ ಹಲಗೆ, ಡಗ್ಗಾದ ಹಾಡು, ಇವೆಲ್ಲ ಯಾಕೆಂದು ಈಗ ತಿಳಿದಿತ್ತು. ದೊಡ್ಡ ಡಬ್ಬಿ ತರುವ ಹೊತ್ತಿಗೆ ಆತನಿಗೆ ಹೇಗೋ ಗೊತ್ತಾಗಿರಬೇಕು ಎಂದುಕೊಂಡೆ. ಬೈದದ್ದಕ್ಕೆ ಒಂದು ಮಾತು ಹೇಳಬೇಕೆಂದು ಎರಡು ಸಲ ಆತನ ಮನೆಗೆ ಹೋದೆ. ಎರಡು ಸಲವೂ ಗಿರಾಕಿಗಳಿದ್ದರು. ಬೈಯುವಾಗಲೂ ಗಿರಾಕಿಗಳಿದ್ದರು ಎಂಬುದು ನೆನಪಿತ್ತು. ತಿರುಗಿ ಬಂದೆ.

ಹೆಂಡತಿ ಎದ್ದು ಕುಳಿತಳು. ವರ್ಷದೊಳಗೆ ಕೋಲು ಹಿಡಿದು ಹೊಸ್ತಿಲತನಕ ನಡೆದಳು. ಹೊಸ್ತಿಲ ಮೇಲೆ ಕುಳಿತು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಆ ಹೊತ್ತಿಗೆ ಮನೆ ಮನೆಗೆ ಟಿ.ವಿ. ಬಂತು. ಒಬ್ಬೊಬ್ಬರೇ ಡಬ್ಬಿ ಬಿಚ್ಚಿ ಕೊಟ್ಟರು. ನಲವತ್ತು ಇಪ್ಪತ್ತಾಯಿತು, ಆರಾಯಿತು, ಕಡೆಗೆ ನಮ್ಮದೊಂದೇ ಉಳಿಯಿತು. ನಡುವಿನ ಮನೆಗಳಲ್ಲಿ ಡಬ್ಬಿ ಇಲ್ಲದಿದ್ದರೂ ತಂತಿ ಹಾಗೇ ಇತ್ತು. ಆತ ಮುಂಜಾನೆ ಐದೂವರೆಗೆ ಎದ್ದು ಒಂದು ಮನೆಗಾಗಿ ಕ್ಯಾಸೆಟ್ ಹಾಕುತ್ತಿದ್ದ. ಚಿಗವ್ವ ಒಮ್ಮೆ ಕೇಳಿದಳು, "ಬ್ಯಾಸರ ಬರಂಗಿಲ್ಲೇನೋ ನಿನಗ?"

"ಯಂತ್ರ ನನಗೂ ಬೇಕ್ರಿ ಚಿಗವ್ವ. ಹೆಂಗಿದ್ರೂ ನಾ ಕೇಳ್ತೀನಿ, ತಂತಿ ಹಚ್ಚಿದ್ರ ಅಕ್ಕಾವ್ರೂ ಕೇಳ್ತಾರ."

ಎರಡು ವರ್ಷದ ಮೇಲೆ ಹೆಂಡತಿ ಒಂದು ಜ್ವರದಲ್ಲಿ ಮೂರೇ ದಿನಕ್ಕೆ ಹೋದಳು. ಆತ ಬಂದು ಮಣ್ಣಿಗೆ ನಿಂತ. ತಿಂಗಳ ನಂತರ ಕೇಳಿ ತಂತಿ ಬಿಚ್ಚಿಕೊಂಡ. ಆ ಮೇಲೆ ಲಿಂಗಸುಗೂರಿಗೆ ಹೋಗಿ ಟಿ.ವಿ. ರಿಪೇರಿಯ ಅಂಗಡಿ ಇಟ್ಟ.

ಆಮೇಲೆ ಆತನನ್ನು ಕಂಡದ್ದು ಒಂದೇ ಸಲ, ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ. ಕೂದಲು ಬೆಳ್ಳಗಾಗಿತ್ತು. ಚಹಾ ಕುಡಿಸಿದ. ಕಾಲುವೆ, ಭತ್ತ, ಚಿಗವ್ವನ ಮೊಣಕಾಲು ನೋವು, ಎಲ್ಲ ಮಾತಾಡಿದೆವು. ಆಮೇಲೆ ಲೋಟ ಕೆಳಗಿಟ್ಟ.

"ಸಾಹೇಬ್ರ, ಅಕ್ಕಾವ್ರ ವಿಷಯ ಒಂದು ಮಾತು ಹೇಳಬೇಕಾಗಿತ್ರಿ."

ನನ್ನ ಬಸ್ಸು ನಿಂತಿತ್ತು. ಕಂಡಕ್ಟರು ಸೀಟಿ ಊದಿದ. "ಮುಂದಿನ ಸಲ ಆಗಲಿ" ಎಂದು ಹತ್ತಿದೆ. ಆತ ಏನು ಹೇಳುತ್ತಾನೆ ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಕಿವಿಯ ವಿಷಯ. ಅದು ನನಗೆ ತಿಳಿದದ್ದೇ. ಆತನ ಬಾಯಿಂದ ಕೇಳುವುದು ಬೇಡವಾಗಿತ್ತು.

ಈ ಸಲ ಲಿಂಗಸುಗೂರಿಗೆ ಹೋದಾಗ ಮಧ್ಯಾಹ್ನವಾಗಿತ್ತು. ಆತನ ಹೆಂಡತಿ ಒಬ್ಬಳೇ ಇದ್ದಳು. ಚಾಪೆ ಹಾಸಿದಳು. ಆತನಿಗೆ ಲಿವರ್ ಕೆಟ್ಟಿತ್ತು, ದವಾಖಾನೆಯಲ್ಲಿ ಎರಡು ವಾರ ಇದ್ದ ಎಂದು ಹೇಳಿದಳು. ನಾನು ಕೇಳಬೇಕಾದದ್ದನ್ನೆಲ್ಲ ಕೇಳಿದೆ. ಆಕೆ ಸೆರಗಿನ ಅಂಚು ಮಡಚುತ್ತ ಕುಳಿತಿದ್ದಳು.

"ಸಾಹೇಬ್ರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅಕ್ಕಾವ್ರಿಗೆ ಕಿವಿ ಹೋಗಿದ್ವು. ಮಾಲೂಮ್ ಇತ್ತೇನ್ರಿ ನಿಮಗ?"

ನಾನು ಬಾಯಿ ತೆರೆಯುವ ಮೊದಲೇ ಮುಂದುವರಿಸಿದಳು.

"ಇವರಿಗೆ ಮೊದಲ ಗೊತ್ತಾಗಿತ್ರಿ. ಇವರವ್ವನಿಗೂ ಪಾಮನಕಲ್ಲೂರಾಗ ಅದ ಸೂಜಿ ಹಾಕಿದ್ರು. ಆಕಿಗೂ ಮೊದಲ ಗುಂಯ್ ಅಂದು, ಆಮ್ಯಾಲೆ ಕಿವಿ ಬಂದ್ ಆದ್ವು. ನಿಮ್ಮ ಮನ್ಯಾಗ ತಂತಿ ಕಿತ್ತು ಹಿಡದಾಗ ಇವರಿಗೆ ತಿಳೀತಂತ್ರಿ. ನೀವು ಕಾಲುವಿಗೆ ಹೋದ ಮ್ಯಾಲೆ ಅಕ್ಕಾವ್ರಿಗೆ ಹೇಳಿದ್ರಂತ, ಇದು ಡಬ್ಬಿದಲ್ರಿ, ಸೂಜಿದು, ಸಾಹೇಬ್ರಿಗೆ ಹೇಳ್ತೀನಿ ಅಂತ. ಅಕ್ಕಾವ್ರು ಕೈ ಹಿಡಕೊಂಡ್ರಂತ. ‘ಹೇಳಿದ್ರ ಸೂಜಿ ನಿಲ್ಲಸ್ತಾರಪಾ ತಮ್ಮಾ. ಬೆನ್ನಾಗ ಈಗ ಜೀವ ಬರಾಕತ್ತೈತಿ. ಕಿವಿ ಹೋದ್ರ ಹೋಗಲಿ, ನಾ ಎದ್ದು ಕುಂದ್ರಬೇಕು’ ಅಂತ ಆಣಿ ಹಾಕಿಸಿದ್ರಂತ."

ಅಂದು ಉಳಿದಿದ್ದ ಸೂಜಿಗಳು ಎಷ್ಟು ಎಂದು ನಾನು ಲೆಕ್ಕ ಹಾಕಿದೆ. ಐವತ್ತು.

"ಆಣಿ ಉಳಿಸಿದ್ರು. ಆದ್ರ ಹೇಳಿದ್ರ ಕಿವಿ ಉಳೀತಿದ್ವೇನೋ ಅಂತ ಕೊರಗತಿದ್ರು. ‘ಸಾಹೇಬ್ರು ನನ್ನ ನಂಬಿ ಮನೀ ಒಳಗ ಬಿಟ್ಟಿದ್ರು. ಗೊತ್ತಾದ ದಿನ ಬಂದು ನನ್ನ ಕೇಳತಾರ’ ಅಂತ ಅಂಜತಿದ್ರು. ಮಸ್ಕ್ಯಾಗ ಒಮ್ಮೆ ಸಿಕ್ಕಿದ್ರಂತಲ್ಲ, ಅವತ್ತು ಊಟ ಮಾಡಲಿಲ್ಲ. ದವಾಖಾನ್ಯಾಗ ಸೈತ, ಬಾಗಲಾಗ ಯಾರರೆ ನಿಂತ್ರ, ಸಾಹೇಬ್ರು ಬಂದ್ರೇನು ನೋಡು ಅಂತಿದ್ರು."

ಮುಗಿಸಿ ನನ್ನ ಮುಖ ನೋಡಿದಳು. ಏನು ಹೇಳಬೇಕೆಂದು ಯೋಚಿಸಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಸತ್ತವನ ಮೇಲೆ ಆ ಭಾರ ಇರಬಾರದು.

"ನನಗ ಆಗಲೇ ಗೊತ್ತಿತ್ತಮ್ಮ" ಎಂದೆ. "ಆಕಿ ನನಗೂ ಹೇಳಿದ್ದಳು. ಸೂಜಿ ನಿಲ್ಲಸೋದು ಬ್ಯಾಡ ಅಂದಾವ ನಾನ. ಅವನದು ಏನೂ ತಪ್ಪಿಲ್ಲ."

ಗೊತ್ತಿತ್ತು ಎಂಬುದು ನಿಜ. ಉಳಿದದ್ದು ಸುಳ್ಳು.

ಆಕೆಗೆ ಸಮಾಧಾನ ಆಗುತ್ತದೆ ಎಂದುಕೊಂಡಿದ್ದೆ. ಸೆರಗು ಮಡಚುತ್ತಿದ್ದ ಕೈ ನಿಂತಿತು.

"ಗೊತ್ತಿತ್ತ?"

"ಹೂಂ."

"ಇಷ್ಟು ವರ್ಷ ಗೊತ್ತಿತ್ತ ನಿಮಗ?"

ನಾನು ತಲೆಯಾಡಿಸಿದೆ.

"ಹಂಗಾದ್ರ ಅವರಿಗೆ ಒಂದು ಮಾತು ಹೇಳಬಾರದಿತ್ತೇನ್ರಿ ಸಾಹೇಬ್ರ? ಒಂದ ಒಂದು ಮಾತು?"

"ಹೇಳಬಹುದಿತ್ತಮ್ಮ" ಎಂದೆ.

ಆಕೆ ಎದ್ದು ಒಳಗೆ ಹೋದಳು. ನಾನು ಚಪ್ಪಲಿ ಹಾಕಿಕೊಂಡು ಹೊರಡುವಾಗ ಬಾಗಿಲಿಗೆ ಬರಲಿಲ್ಲ.